ಒಂದೇ ಕಮಿಟ್, ಮೂರು ಪ್ಲಾಟ್‌ಫಾರ್ಮ್: ಬಿಲ್ಡ್ ಪ್ರತಿ ಸಲ ಬೇರೆ ಬರುವುದೇಕೆ?

ಪ್ರಶ್ನೆ: ನಮ್ಮದು ಐದು ಜನರ ತಂಡ. ಸಿ++ನಲ್ಲಿ ಬರೆದ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಒಂದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಕೊಡುತ್ತೇವೆ. ಬಿಲ್ಡ್‌ಗೆ, ಅಂದರೆ ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಲು, ಸಿಮೇಕ್ ಎಂಬ ಉಪಕರಣ ಮತ್ತು ಒಂದಷ್ಟು ಪೈತಾನ್ ಸ್ಕ್ರಿಪ್ಟ್‌ಗಳಿವೆ. ಒಂದೇ ಕಮಿಟ್‌ನಿಂದ (ಗಿಟ್‌ನಲ್ಲಿ ಉಳಿಸಿದ ಕೋಡ್‌ನ ಒಂದು ಹಂತ) ಇಬ್ಬರು ಬಿಲ್ಡ್ ಮಾಡಿದರೆ ಚೆಕ್‌ಸಮ್ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಮೊತ್ತ) ಹೊಂದುವುದಿಲ್ಲ. ವರ್ಷದ ಹಿಂದಿನ ರಿಲೀಸನ್ನು ಮತ್ತೆ ಬಿಲ್ಡ್ ಮಾಡಲು ಹೋದರೆ ಅರ್ಧದಲ್ಲೇ ಎರರ್ ಬಂದು ನಿಂತಿತು. ಉಬುಂಟು 22.04ರಲ್ಲಿ ಮಾಡಿದ ಬಿಲ್ಡ್, 20.04ರಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ (ಜಿಲಿಬ್‌ಸಿ ಎಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಎಂದು ಓಪನ್ ಆಗುವುದೇ ಇಲ್ಲ. ಎಲ್ಲವನ್ನೂ ಡಾಕರ್‌ಗೆ (ಬಿಲ್ಡ್ ಪರಿಸರವನ್ನು ‘ಇಮೇಜ್’ ಎಂಬ ಒಂದೇ ಪೊಟ್ಟಣವಾಗಿ ಕಟ್ಟಿ ಓಡಿಸುವ ಉಪಕರಣ) ಹಾಕಿ ಎಂದು ಹಲವರು ಹೇಳುತ್ತಾರೆ. ಅಷ್ಟು ಮಾಡಿದರೆ ಸಾಕೆ?

ಉತ್ತರ: ಡಾಕರ್ ಬೇಕು, ಆದರೆ ಅದೊಂದೇ ಸಾಲದು. ನಿಮ್ಮ ಪ್ರಶ್ನೆಯಲ್ಲಿ ಮೂರು ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಒಂದನ್ನು ಸರಿಮಾಡಿ ಮೂರೂ ಸರಿಯಾದವು ಎಂದುಕೊಂಡು ಮುಂದಿನ ರಿಲೀಸ್‌ನಲ್ಲಿ ಮತ್ತೆ ಸಿಕ್ಕಿಬೀಳುತ್ತೀರಿ. ಹಳೆಯ ರಿಲೀಸ್ ಮತ್ತೆ ಬಿಲ್ಡ್ ಆಗದಿರುವುದಕ್ಕೆ ಕಾರಣ, ಬಿಲ್ಡ್‌ನೊಳಗೆ ಹೋಗುವ ಸಾಮಗ್ರಿ ನಿಮಗೆ ತಿಳಿಯದಂತೆ ಬದಲಾಗಿರುವುದು. ಚೆಕ್‌ಸಮ್ ಹೊಂದದಿರುವುದಕ್ಕೆ ಕಾರಣ, ಸಾಮಗ್ರಿ ಒಂದೇ ಇದ್ದರೂ ಬಿಲ್ಡ್ ಪ್ರಕ್ರಿಯೆ ಗಡಿಯಾರ, ಫೋಲ್ಡರ್ ಹೆಸರು, ಫೈಲ್‌ಗಳ ಕ್ರಮ ಇವನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುವುದು. ಜಿಲಿಬ್‌ಸಿ ದೂರಿಗೂ ಇವೆರಡಕ್ಕೂ ಸಂಬಂಧವಿಲ್ಲ. ಯಾವ ಬೇಸ್ ಮೇಲೆ ಬಿಲ್ಡ್ ಮಾಡಬೇಕೆಂಬ ಆಯ್ಕೆ ತಪ್ಪಿದೆ, ಅಷ್ಟೇ. ಅದು ಬೇಗ ಮುಗಿಯುವ ಕೆಲಸವಾದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಜಿಲಿಬ್‌ಸಿ

ಜಿಲಿಬ್‌ಸಿಯ ಪ್ರತಿ ಫಂಕ್ಷನ್‌ಗೂ ಒಂದು ಆವೃತ್ತಿಯ ಮುದ್ರೆ ಇರುತ್ತದೆ. ಹಳೆಯ ಜಿಲಿಬ್‌ಸಿ ಮೇಲೆ ಮಾಡಿದ ಬಿಲ್ಡ್ ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಮಾಡಿದ್ದು ಹಳೆಯದರ ಮೇಲೆ ಓಡುವ ಖಾತ್ರಿಯಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು. ಪ್ರೋಗ್ರಾಂ ಶುರುವಾಗುವಾಗ ಕರೆಯುವ ಫಂಕ್ಷನ್‌ಗೂ ಆಗ ಹೊಸ ಮುದ್ರೆ ಬಿತ್ತು. ಹಾಗಾಗಿ 2.34 ಅಥವಾ ಅದಕ್ಕಿಂತ ಹೊಸದರ ಮೇಲೆ ಬಿಲ್ಡ್ ಮಾಡಿದ ಎರಡು ಸಾಲಿನ ಪ್ರೋಗ್ರಾಂ ಕೂಡ ಹಳೆಯ ಸಿಸ್ಟಂನಲ್ಲಿ ಓಡುವುದಿಲ್ಲ. ಉಬುಂಟು 22.04ರಲ್ಲಿರುವುದು 2.35, 20.04ರಲ್ಲಿ 2.31. ನಿಮಗೆ ಬಂದ ಎರರ್ ಇದೇ.

ನೀವು ಬೆಂಬಲಿಸುವ ಸಿಸ್ಟಂಗಳಲ್ಲಿ ಅತಿ ಹಳೆಯದು ಯಾವುದೋ ಅದರ ಜಿಲಿಬ್‌ಸಿ ಮೇಲೆ ಬಿಲ್ಡ್ ಮಾಡಿ. ಉಬುಂಟು 20.04 ಸಾಕೆಂದರೆ ಡೆಬಿಯನ್ 11 ಆಗುತ್ತದೆ, ಅದರಲ್ಲೂ 2.31 ಇದೆ. ರೆಡ್‌ಹ್ಯಾಟ್ 8ರ ಬಳಗವೂ ಬೇಕೆಂದರೆ ಆಲ್ಮಾಲಿನಕ್ಸ್ 8 ತೆಗೆದುಕೊಳ್ಳಿ, ಅದರದು 2.28. ಹಳೆಯ ಬೇಸ್ ಎಂದರೆ ಹಳೆಯ ಕಂಪೈಲರ್ ಎಂದು ಹೆದರಬೇಕಾಗಿಲ್ಲ. ಆಲ್ಮಾಲಿನಕ್ಸ್‌ನಲ್ಲಿ ಜಿಸಿಸಿ-ಟೂಲ್‌ಸೆಟ್ ಎಂಬ ಪ್ಯಾಕೇಜ್‌ಗಳಿವೆ. ಅವು ಹೊಸ ಜಿಸಿಸಿ ಕಂಪೈಲರ್ ಕೊಡುತ್ತವೆ, ಸಿ++ ಲೈಬ್ರರಿಯ ಹೊಸ ಭಾಗಗಳನ್ನು ನಿಮ್ಮ ಪ್ರೋಗ್ರಾಂನೊಳಗೇ ಸೇರಿಸಿಬಿಡುತ್ತವೆ. ಬಿಲ್ಡ್ ಆದ ಮೇಲೆ ಆಬ್ಜ್‌ಡಂಪ್ ಎಂಬ ಉಪಕರಣದಿಂದ ಡೈನಾಮಿಕ್ ಸಿಂಬಲ್‌ಗಳನ್ನು (ಪ್ರೋಗ್ರಾಂ ಹೊರಗಿನ ಲೈಬ್ರರಿಗಳಿಂದ ಕೇಳುವ ಹೆಸರುಗಳು) ತೆಗೆಸಿ, ಜಿಲಿಬ್‌ಸಿ ಎಂದಿರುವ ಸಾಲುಗಳಲ್ಲಿ ಅತಿ ದೊಡ್ಡ ಸಂಖ್ಯೆ ಎಷ್ಟೆಂದು ಸ್ಕ್ರಿಪ್ಟ್‌ನಲ್ಲಿ ಪರೀಕ್ಷಿಸಿ. ನೀವು ಹಾಕಿಕೊಂಡ ಮಿತಿ ದಾಟಿದರೆ ಬಿಲ್ಡ್ ಫೇಲ್ ಆಗಲಿ.

ಇಮೇಜ್ ಚಿಕ್ಕದೆಂದು ಆಲ್ಪೈನ್ ಲಿನಕ್ಸ್ ಆರಿಸಿಕೊಳ್ಳಬೇಡಿ. ಅದರಲ್ಲಿರುವುದು ಮಸಲ್ ಎಂಬ ಬೇರೆ ಸಿ ಲೈಬ್ರರಿ. ಪೂರ್ತಿ ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಗಳನ್ನೆಲ್ಲ ಪ್ರೋಗ್ರಾಂನೊಳಗೇ ಸೇರಿಸಿ, ಲಿಂಕ್ ಮಾಡದ ಹೊರತು ಅಲ್ಲಿ ಹುಟ್ಟಿದ ಪ್ರೋಗ್ರಾಂ ಉಬುಂಟುವಿನಲ್ಲಿ ಓಡದು.

ಒಳಗೆ ಹೋಗುವುದನ್ನೆಲ್ಲ ಕಟ್ಟಿಹಾಕುವುದು

ಡಾಕರ್‌ಫೈಲ್ ಬರೆದ ಕೂಡಲೇ ಎಲ್ಲವೂ ಸ್ಥಿರವಾಯಿತು ಎಂಬ ಭಾವನೆ ಬರುತ್ತದೆ. ಅದರ ಮೊದಲ ಸಾಲನ್ನೇ ನೋಡಿ: ‘ಡೆಬಿಯನ್:11’. ಅದೊಂದು ಟ್ಯಾಗ್. ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ಅದೇ ಹೆಸರಿನ ಕೆಳಗೆ ಹೊಸ ಇಮೇಜ್ ಬಂದು ಕೂರುತ್ತದೆ. ಮುಂದಿನ ಸಾಲಿನ ‘ಆಪ್ಟ್-ಗೆಟ್ ಅಪ್‌ಡೇಟ್’ ಇವತ್ತಿನ ಪ್ಯಾಕೇಜ್ ಪಟ್ಟಿಯನ್ನು ತರುತ್ತದೆ, ನಾಳೆ ನಾಳೆಯದನ್ನು. ಅಂದರೆ ಡಾಕರ್‌ಫೈಲ್ ಹೇಳುವುದು ಪರಿಸರವನ್ನು ತಯಾರಿಸುವ ವಿಧಾನವನ್ನು ಮಾತ್ರ. ಬೇಕಾದ ಪರಿಸರ ಇರುವುದು ತಯಾರಾದ ಇಮೇಜ್‌ನಲ್ಲಿ.

ಆದ್ದರಿಂದ ಬೇಸ್ ಇಮೇಜನ್ನು ಟ್ಯಾಗ್ ಬದಲು ಡೈಜೆಸ್ಟ್‌ನಿಂದ, ಅಂದರೆ 64 ಅಕ್ಷರದ ಶಾ-256 ಮೊತ್ತದಿಂದ ಕರೆಯಿರಿ. ಇಲ್ಲೊಂದು ಸೂಕ್ಷ್ಮವಿದೆ. ಹಲವು ಪ್ರೊಸೆಸರ್‌ಗಳಿಗೆ ಇರುವ ಇಮೇಜ್‌ಗೆ ಒಂದು ಒಟ್ಟು ಡೈಜೆಸ್ಟ್, ಪ್ರತಿ ಪ್ರೊಸೆಸರ್‌ಗೆ ಒಂದೊಂದು ಬೇರೆ ಡೈಜೆಸ್ಟ್ ಇರುತ್ತವೆ. ಒಟ್ಟು ಡೈಜೆಸ್ಟ್ ಬಳಸಿದರೆ ಆಪಲ್ ಸಿಲಿಕಾನ್ ಮ್ಯಾಕ್ ಇಟ್ಟುಕೊಂಡಿರುವ ಸಹೋದ್ಯೋಗಿಗೆ ಆರ್ಮ್ ಇಮೇಜ್ ಇಳಿಯುತ್ತದೆ, ನಿಮಗೆ ಇಂಟೆಲ್‌ನದು. ಡೈಜೆಸ್ಟ್ ಒಂದೇ ಇದ್ದೂ ಕಂಪೈಲರ್ ಬೇರೆ! ಪ್ಲಾಟ್‌ಫಾರ್ಮ್ ಯಾವುದೆಂದು ಪ್ರತಿ ಸಲ ಸ್ಪಷ್ಟವಾಗಿ ಬರೆಯಿರಿ.

ಪ್ಯಾಕೇಜ್‌ಗಳಿಗೆ ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸಂಗ್ರಹ ದೊಡ್ಡ ಉಪಕಾರ ಮಾಡಿದೆ. 2005ರಿಂದ ಈಚೆಗಿನ ಪ್ಯಾಕೇಜ್ ಪಟ್ಟಿಗಳು ದಿನಾಂಕ, ಗಂಟೆಯ ಸಮೇತ ಅಲ್ಲಿವೆ. ಡೆಬಿಯನ್‌ನ ಅಧಿಕೃತ ಡಾಕರ್ ಇಮೇಜ್‌ನೊಳಗಿನ ಸೋರ್ಸ್‌ ಪಟ್ಟಿಯನ್ನು ತೆರೆದರೆ, ಆ ಇಮೇಜ್ ಯಾವ ಸ್ನ್ಯಾಪ್‌ಶಾಟ್‌ನಿಂದ ಹುಟ್ಟಿತು ಎಂಬ ವಿಳಾಸ ಕಾಮೆಂಟ್ ಆಗಿ ಬರೆದಿರುತ್ತದೆ. ಅದನ್ನೇ ಬಳಸಿ. ಹಳೆಯ ಪಟ್ಟಿಯ ಅವಧಿ ಮುಗಿದಿದೆ ಎಂದು ಆಪ್ಟ್ ತಕರಾರು ಮಾಡುತ್ತದೆ. ‘ಚೆಕ್-ವ್ಯಾಲಿಡ್-ಅಂಟಿಲ್’ ಎಂಬುದನ್ನು ‘ನೋ’ ಮಾಡಿದರೆ ಮುಂದೆ ಹೋಗುತ್ತದೆ. ಸಹಿಯ ಪರೀಕ್ಷೆಯನ್ನು ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡಿ.

ಇಷ್ಟಾದ ಮೇಲೂ ಪ್ರತಿ ಬಿಲ್ಡ್‌ಗೂ ಇಮೇಜನ್ನು ಹೊಸದಾಗಿ ಕಟ್ಟಬೇಡಿ. ಒಮ್ಮೆ ಕಟ್ಟಿ, ನಿಮ್ಮದೇ ರಿಜಿಸ್ಟ್ರಿಗೆ (ಇಮೇಜ್‌ಗಳ ಸಂಗ್ರಹ) ಹಾಕಿ, ಅದರ ಡೈಜೆಸ್ಟನ್ನು ಸೋರ್ಸ್ ಕೋಡ್ ಪಕ್ಕದಲ್ಲೇ ಒಂದು ಫೈಲ್‌ನಲ್ಲಿ ಬರೆದಿಡಿ. ಕಂಪೈಲರ್ ಬದಲಿಸುವುದೆಂದರೆ ಆ ಒಂದು ಸಾಲು ಬದಲಿಸುವ ಕಮಿಟ್ ಆಗಬೇಕು. ಯಾರು, ಯಾವಾಗ, ಏಕೆ ಎಂಬುದು ಗಿಟ್ ಇತಿಹಾಸದಲ್ಲಿ ಉಳಿಯುತ್ತದೆ. ಹೊರಗಿನ ಸರ್ವರ್‌ಗಳು ಎಂದೆಂದಿಗೂ ಇರುತ್ತವೆ ಎಂದು ನಂಬಬೇಡಿ. ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು, ಅದರ ಪ್ಯಾಕೇಜ್‌ಗಳನ್ನು ಹಳೆಯ ಸಂಗ್ರಹಕ್ಕೆ ಸಾಗಿಸಿದರು. ಅದರ ಪ್ಯಾಕೇಜ್ ಇಳಿಸುವ ಉಪಕರಣವಾದ ಯಮ್ ಬಳಸುತ್ತಿದ್ದ ಹಳೆಯ ಡಾಕರ್‌ಫೈಲ್‌ಗಳು, ಅವುಗಳಲ್ಲಿ ಒಂದಕ್ಷರ ಬದಲಾಗದೆಯೂ ಕೆಲಸ ನಿಲ್ಲಿಸಿದವು. ಕಟ್ಟಿದ ಇಮೇಜನ್ನು ಎತ್ತಿಟ್ಟುಕೊಂಡಿದ್ದವರಿಗೆ ಏನೂ ಆಗಲಿಲ್ಲ.

ಸೋರ್ಸ್ ಟಾರ್‌ಬಾಲ್‌ಗಳದೂ (ಸೋರ್ಸ್ ಕೋಡನ್ನು ಒಟ್ಟುಗೂಡಿಸಿದ ಆರ್ಕೈವ್ ಫೈಲ್‌ಗಳು) ಅದೇ ಕಥೆ. 2023ರ ಜನವರಿ 30ರಂದು ಗಿಟ್‌ಹಬ್ ತಾನೇ ತಯಾರಿಸಿ ಕೊಡುವ ಆರ್ಕೈವ್‌ಗಳ ಕಂಪ್ರೆಶನ್ ವಿಧಾನ ಬದಲಾಯಿತು. ಒಳಗಿನ ಫೈಲ್‌ಗಳೆಲ್ಲ ಅವೇ, ಆದರೆ ಹೊರಗಿನ ಚೆಕ್‌ಸಮ್ ಬೇರೆ. ಆ ಚೆಕ್‌ಸಮ್ ಮೇಲೆ ನಿಂತಿದ್ದ ಬಿಲ್ಡ್‌ಗಳೆಲ್ಲ ಮುರಿದುಬಿದ್ದು, ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಡೆವಲಪರ್‌ಗಳೇ ಅಪ್‌ಲೋಡ್ ಮಾಡಿದ ಟಾರ್‌ಬಾಲ್ ಸಿಕ್ಕರೆ ಅದನ್ನು ಬಳಸಿ, ಇಲ್ಲವೆಂದರೆ ಕಮಿಟ್ ಹ್ಯಾಶ್‌ನಿಂದ ತರಿಸಿ. ಎರಡರಲ್ಲೂ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಹೊರಗಿನ ಲೈಬ್ರರಿಗಳನ್ನು ತರುವ ಸಿಮೇಕ್‌ನ ಫೆಚ್‌ಕಂಟೆಂಟ್‌ಗೆ ಬ್ರಾಂಚ್ ಹೆಸರು ಕೊಟ್ಟಿದ್ದೀರಾ ನೋಡಿ. ಕೊಟ್ಟಿದ್ದರೆ ಇವತ್ತೇ ತೆಗೆದು 40 ಅಕ್ಷರದ ಕಮಿಟ್ ಹ್ಯಾಶ್ ಹಾಕಿ. ಟ್ಯಾಗ್ ಕೂಡ ಬೇಡ, ಅದನ್ನೂ ಯಾರಾದರೂ ಜರುಗಿಸಬಹುದು. ಲೈಬ್ರರಿ ತರಿಸಲು ವಿಸಿಪ್ಯಾಕೇಜ್ ಬಳಸುತ್ತಿದ್ದರೆ ಮ್ಯಾನಿಫೆಸ್ಟ್‌ನಲ್ಲಿ ಬೇಸ್‌ಲೈನ್ ಕಮಿಟ್ ಬರೆಯಿರಿ, ಕೋನನ್ ಆದರೆ ಆವೃತ್ತಿಗಳನ್ನು ಗೊತ್ತುಮಾಡುವ ಲಾಕ್‌ಫೈಲ್ ಇಡಿ. ಪೈತಾನ್‌ಗೆ ಪ್ರತಿ ಪ್ಯಾಕೇಜ್‌ನ ಹ್ಯಾಶ್ ಇರುವ ಪಟ್ಟಿ ತಯಾರಿಸಿ, ಪ್ಯಾಕೇಜ್ ಇಳಿಸುವ ಪಿಪ್‌ಗೆ ‘ರಿಕ್ವೈರ್-ಹ್ಯಾಶಸ್’ ಕೊಡಿ. ಹಲವು ಪ್ಲಾಟ್‌ಫಾರ್ಮ್ ಇರುವವರು ಎಡವುವುದು ಇಲ್ಲೇ: ಪಿಪ್-ಕಂಪೈಲ್‌ನಿಂದ ಲಿನಕ್ಸ್‌ನಲ್ಲಿ ತಯಾರಿಸಿದ ಪಟ್ಟಿಯಲ್ಲಿ, ವಿಂಡೋಸ್‌ಗೆ ಮಾತ್ರ ಬೇಕಾಗುವ ಕಲರಾಮಾದಂಥ ಪ್ಯಾಕೇಜ್ ಬರುವುದೇ ಇಲ್ಲ. ಆಮೇಲೆ ವಿಂಡೋಸ್‌ನಲ್ಲಿ ಪಿಪ್ ‘ಇದಕ್ಕೆ ಹ್ಯಾಶ್ ಇಲ್ಲ’ ಎಂದು ನಿಲ್ಲುತ್ತದೆ, ಅಲ್ಲಿ ಕೂತವರು ಸಿಟ್ಟಿಗೆ ಹ್ಯಾಶ್ ಪರೀಕ್ಷೆಯನ್ನೇ ತೆಗೆದುಹಾಕುತ್ತಾರೆ. ಪ್ಲಾಟ್‌ಫಾರ್ಮ್‌ಗೊಂದು ಪಟ್ಟಿ ಇಟ್ಟುಕೊಳ್ಳಿ, ಅಥವಾ ಎಲ್ಲ ಪ್ಲಾಟ್‌ಫಾರ್ಮ್‌ಗೂ ಒಂದೇ ಲಾಕ್‌ಫೈಲ್ ತಯಾರಿಸುವ ಯುವಿಯಂಥ ಉಪಕರಣ ಬಳಸಿ.

ಏನಾದರೂ ಬಿಟ್ಟುಹೋಗಿದೆಯೇ ಎಂದು ತಿಳಿಯಲು ಒಂದು ಉಪಾಯ ಉಳಿದೆಲ್ಲಕ್ಕಿಂತ ಮೇಲು: ನೆಟ್‌ವರ್ಕ್ ಕಡಿಯಿರಿ. ಬಿಲ್ಡನ್ನು ಎರಡು ಹಂತ ಮಾಡಿ. ಮೊದಲ ಹಂತ ಎಲ್ಲವನ್ನೂ ಇಳಿಸಿಕೊಂಡು ಹ್ಯಾಶ್ ನೋಡಲಿ. ಎರಡನೆಯದನ್ನು ಡಾಕರ್‌ನಲ್ಲಿ ‘ನೆಟ್‌ವರ್ಕ್ ನನ್’ ಕೊಟ್ಟು ಓಡಿಸಿ. ಮೊದಲ ಸಲ ಬಿಲ್ಡ್ ಖಂಡಿತ ಬೀಳುತ್ತದೆ. ಯಾವುದೋ ಟೆಸ್ಟ್ ಡೇಟಾ, ಯಾವುದೋ ಫಾಂಟ್, ಯಾರೋ ಎಂದೋ ಸೇರಿಸಿದ ಡೌನ್‌ಲೋಡ್ ಸಾಲು ಒಂದೊಂದಾಗಿ ಹೊರಬರುತ್ತವೆ. ಎಲ್ಲ ಮುಗಿಯುವವರೆಗೆ ಬಿಡಬೇಡಿ.

ಸಿಐಯಲ್ಲಿ (ಕೋಡ್ ಬದಲಾದಾಗ ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆ) ‘ಉಬುಂಟು-ಲೇಟೆಸ್ಟ್’ ಎಂಬ ಹೆಸರು ಬೇಡ, ಅದು ಕಾಲಕಾಲಕ್ಕೆ ಮುಂದಿನ ಆವೃತ್ತಿಗೆ ಜಿಗಿಯುತ್ತದೆ. ರಿಲೀಸ್ ಬಿಲ್ಡ್‌ಗೆ ಹಿಂದಿನ ಕ್ಯಾಶ್ ಕೂಡ ಬೇಡ.

ವಿಂಡೋಸ್ ಮತ್ತು ಮ್ಯಾಕ್

ಮೂರಕ್ಕೂ ಒಂದೇ ಪರಿಸರ ಹುಡುಕುತ್ತ ಸಮಯ ಕಳೆಯಬೇಡಿ. ಮೂರು ಪರಿಸರ ಇರಲಿ. ಆವೃತ್ತಿಗಳ ಪಟ್ಟಿ ಮತ್ತು ಬಿಲ್ಡ್ ಶುರುಮಾಡುವ ಆಜ್ಞೆ ಮಾತ್ರ ಒಂದೇ ಇರಲಿ. ಸಿಮೇಕ್ ಪ್ರಿಸೆಟ್‌ಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ಚೆಕ್‌ಸಮ್ ಹೋಲಿಸಬೇಕಾದ್ದು ವಿಂಡೋಸ್ ಬಿಲ್ಡನ್ನು ಇನ್ನೊಂದು ವಿಂಡೋಸ್ ಬಿಲ್ಡ್ ಜೊತೆ, ಮ್ಯಾಕ್‌ನದನ್ನು ಮ್ಯಾಕ್‌ನದರ ಜೊತೆ.

ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ತನ್ನಷ್ಟಕ್ಕೆ ಅಪ್‌ಡೇಟ್ ಆಗುವುದೇ ಮೊದಲ ಶತ್ರು. ಬಿಲ್ಡ್ ಟೂಲ್ಸ್‌ನ ಇನ್‌ಸ್ಟಾಲರ್‌ಗೆ ‘ಲೇಔಟ್’ ಆಯ್ಕೆ ಕೊಟ್ಟರೆ ಬೇಕಾದ್ದನ್ನೆಲ್ಲ ಒಂದು ಫೋಲ್ಡರ್‌ಗೆ ಇಳಿಸಿಕೊಡುತ್ತದೆ. ಅದನ್ನು ಎತ್ತಿಟ್ಟುಕೊಂಡು, ಅದರಿಂದಲೇ ವರ್ಚುವಲ್ ಮಶೀನ್ ಇಮೇಜ್ ತಯಾರಿಸಿ. ಕಂಪೈಲರ್ ಪರಿಸರ ಸಿದ್ಧಪಡಿಸುವ ವಿಸಿವಾರ್ಸ್‌ಆಲ್ ಸ್ಕ್ರಿಪ್ಟ್ ಕರೆಯುವಾಗ ಟೂಲ್‌ಸೆಟ್‌ನ ಆವೃತ್ತಿ (14.29 ಎಂಬಂತೆ), ವಿಂಡೋಸ್ ಎಸ್‌ಡಿಕೆ ಎಂಬ ಡೆವಲಪರ್ ಕಿಟ್‌ನ ಆವೃತ್ತಿ (10.0.22621.0 ಎಂಬಂತೆ) ಎರಡನ್ನೂ ಬರೆಯಿರಿ. ಬರೆಯದಿದ್ದರೆ ಅದು ಇರುವುದರಲ್ಲಿ ಹೊಸದನ್ನು ಆರಿಸಿಕೊಳ್ಳುತ್ತದೆ. ಕಂಪೈಲರ್‌ಗೂ ಲಿಂಕರ್‌ಗೂ ‘ಬ್ರೆಪ್ರೋ’ ಆಯ್ಕೆ ಕೊಡಿ. ಇಎಕ್ಸ್ಇ ಹೆಡರ್‌ನಲ್ಲಿ ಗಡಿಯಾರದ ಸಮಯ ಇರಬೇಕಾದ ಜಾಗಕ್ಕೆ ಒಳಗಿನದರಿಂದಲೇ ಲೆಕ್ಕ ಹಾಕಿದ ಮೊತ್ತ ಬರುತ್ತದೆ. ಡೀಬಗ್ ಫೈಲ್‌ನ ಪೂರ್ತಿ ಹಾದಿಯೂ ಇಎಕ್ಸ್ಇಯೊಳಗೆ ಕೂರುತ್ತದೆ. ‘ಪಿಡಿಬಿ-ಆಲ್ಟ್-ಪಾತ್’ ಆಯ್ಕೆಯಿಂದ ಬರೀ ಫೈಲ್ ಹೆಸರು ಉಳಿಯುವಂತೆ ಮಾಡಿ. ಎಲ್ಲರೂ ಡ್ರೈವ್‌ನ ತುದಿಯಲ್ಲೇ ಒಂದೇ ಚಿಕ್ಕ ಹೆಸರಿನ ಫೋಲ್ಡರ್‌ನಲ್ಲಿ ಬಿಲ್ಡ್ ಮಾಡುವ ನಿಯಮ ಹಾಕಿಕೊಂಡರೆ ಹಾದಿಯ ತಲೆನೋವು ಬಹುಪಾಲು ಹೋಗುತ್ತದೆ, 260 ಅಕ್ಷರದ ಹಳೆಯ ಮಿತಿಗೂ ಸಿಕ್ಕುವುದಿಲ್ಲ.

ಸಾಲಿನ ಕೊನೆಯ ಗುರುತನ್ನು ಮರೆಯಬೇಡಿ. ವಿಂಡೋಸ್‌ನಲ್ಲಿ ಗಿಟ್ ಫೈಲ್‌ಗಳನ್ನು ತೆಗೆಯುವಾಗ ಸೆಟ್ಟಿಂಗ್ ನೋಡಿ ಸಾಲಿನ ಕೊನೆ ಬದಲಿಸಬಹುದು; ಪ್ರೋಗ್ರಾಂನೊಳಗೆ ಸೇರಿಸುವ ಶೇಡರ್, ಟೆಂಪ್ಲೇಟ್, ಲೈಸೆನ್ಸ್ ಪಠ್ಯ ಎಲ್ಲವೂ ಪ್ರತಿ ಸಾಲಿಗೆ ಒಂದು ಬೈಟ್ ಉದ್ದವಾಗುತ್ತವೆ. ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ‘ಇಓಎಲ್=ಎಲ್‌ಎಫ್’ ಎಂದು ಪ್ರಾಜೆಕ್ಟ್‌ಗೇ ಬರೆದುಬಿಡಿ, ಒಬ್ಬೊಬ್ಬರ ಸೆಟ್ಟಿಂಗ್‌ಗೆ ಬಿಡಬೇಡಿ.

ಮ್ಯಾಕ್‌ನಲ್ಲಿ ಡಾಕರ್ ಓಡುತ್ತದಲ್ಲ ಎನ್ನಬಹುದು. ಅಲ್ಲಿ ಓಡುವುದು ಲಿನಕ್ಸ್ ಕಂಟೇನರ್, ಮ್ಯಾಕ್ ಬಿಲ್ಡ್‌ಗೆ ಅದು ಪ್ರಯೋಜನಕ್ಕಿಲ್ಲ. ಆಪಲ್‌ನ ಬಿಲ್ಡ್ ಉಪಕರಣವಾದ ಎಕ್ಸ್‌ಕೋಡ್‌ನ ಒಂದು ಆವೃತ್ತಿ ಆರಿಸಿ, ಅದರ ಮೂಲ ಫೈಲನ್ನು ಉಳಿಸಿಟ್ಟುಕೊಳ್ಳಿ, ‘ಡೆವಲಪರ್-ಡಿರ್’ ವೇರಿಯಬಲ್‌ನಿಂದ ಅದನ್ನೇ ತೋರಿಸಿ. ಎಕ್ಸ್‌ಕೋಡ್‌ನ ಪ್ರತಿ ಆವೃತ್ತಿಗೂ ಇಂತಿಷ್ಟೇ ಹೊಸ ಮ್ಯಾಕ್ಓಎಸ್ ಬೇಕೆಂಬ ಷರತ್ತಿದೆ, ತೀರ ಹೊಸ ಮ್ಯಾಕ್ಓಎಸ್ ಹಳೆಯ ಎಕ್ಸ್‌ಕೋಡನ್ನು ತೆರೆಯುವುದೂ ಇಲ್ಲ. ಆದ್ದರಿಂದ ಬಿಲ್ಡ್ ಯಂತ್ರದ ಓಎಸ್ ಅಪ್‌ಡೇಟನ್ನು ನಿಲ್ಲಿಸಿ. ಡಿಪ್ಲಾಯ್‌ಮೆಂಟ್ ಟಾರ್ಗೆಟ್ (ಪ್ರೋಗ್ರಾಂ ಓಡಬೇಕಾದ ಅತಿ ಹಳೆಯ ಮ್ಯಾಕ್ಓಎಸ್) ಬರೆಯದಿದ್ದರೆ ನಿಮ್ಮ ಪ್ರೋಗ್ರಾಂ ಹೊಸ ಮ್ಯಾಕ್‌ಗಳಲ್ಲಿ ಮಾತ್ರ ಓಡುತ್ತದೆ. ಜಿಲಿಬ್‌ಸಿ ತೊಂದರೆಯ ಅಣ್ಣ ಇದು. ‘ಝೀರೋ-ಎಆರ್-ಡೇಟ್’ ವೇರಿಯಬಲ್‌ಗೆ 1 ಕೊಟ್ಟರೆ ಸ್ಟ್ಯಾಟಿಕ್ ಲೈಬ್ರರಿಗಳೊಳಗಿನ ಸಮಯ ಸೊನ್ನೆಯಾಗುತ್ತದೆ. ಲೈಬ್ರರಿಗಳನ್ನು ಹೋಮ್‌ಬ್ರೂನಿಂದ ತರಿಸಬೇಡಿ; ಅದು ಒಳ್ಳೆಯ ಉಪಕರಣ, ಆದರೆ ಸದಾ ಹೊಸದನ್ನು ಕೊಡುವುದೇ ಅದರ ಸ್ವಭಾವ.

ವಿಂಡೋಸ್, ಮ್ಯಾಕ್ ಎರಡೂ ಕಡೆ ಕೋಡ್ ಸಹಿ (ಪ್ರೋಗ್ರಾಂ ನಿಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿ) ಇದೆ. ಸಹಿಯಲ್ಲಿ ಸಮಯದ ಮುದ್ರೆ ಇರುವುದರಿಂದ ಸಹಿ ಮಾಡಿದ ಫೈಲ್‌ಗಳು ಹೊಂದುವುದಿಲ್ಲ. ಸಹಿ ಮಾಡುವ ಮೊದಲು ಹೋಲಿಸಿ, ಆ ಮೊತ್ತವನ್ನು ಬರೆದಿಟ್ಟು, ನಂತರ ಸಹಿಯನ್ನು ಬೇರೆ ಹಂತದಲ್ಲಿ ಮಾಡಿ. ಬಿಟ್‌ಕಾಯಿನ್ ಕೋರ್ ಸಾಫ್ಟ್‌ವೇರ್‌ನ ತಂಡ ಮಾಡುವುದು ಹೀಗೆಯೇ. 2021ರ 22.0 ಆವೃತ್ತಿಯಿಂದ ಅವರು ಗ್ವಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆ ಬಳಸಿ ಲಿನಕ್ಸ್ ಯಂತ್ರದಿಂದಲೇ ಮೂರೂ ಪ್ಲಾಟ್‌ಫಾರ್ಮ್‌ಗೆ ಬಿಲ್ಡ್ ಮಾಡುತ್ತಾರೆ. ನೀವೂ ಆ ದಾರಿ ಹಿಡಿಯಬಹುದೇ? ಐದು ಜನರ ತಂಡಕ್ಕೆ ಈಗಲೇ ಬೇಡ ಎನ್ನುತ್ತೇನೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಿಲ್ಡ್ ಮಾಡಬಲ್ಲ ಮಿಂಗ್‌ಡಬ್ಲ್ಯೂ ಬಳಸಿದರೆ ಮೈಕ್ರೋಸಾಫ್ಟ್ ಕಂಪೈಲರ್‌ನ ಸಿ++ ಲೈಬ್ರರಿಗಳ ಜೊತೆ ಲಿಂಕ್ ಆಗುವುದಿಲ್ಲ, ಮ್ಯಾಕ್ ಎಸ್‌ಡಿಕೆಯ ಲೈಸೆನ್ಸ್ ಷರತ್ತನ್ನೂ ಓದಬೇಕು. ಗ್ವಿಕ್ಸ್‌ನಂಥದೇ ಆದ ನಿಕ್ಸ್ ಕೂಡ ಲಿನಕ್ಸ್, ಮ್ಯಾಕ್ ಎರಡೇ ಇದ್ದವರಿಗೆ ಬಹಳ ಒಳ್ಳೆಯದು, ಆದರೆ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ.

ಚೆಕ್‌ಸಮ್ ಹೊಂದದ ಕಾರಣಗಳು

ಕಣ್ಣಾರೆ ಕಾಣಬೇಕೆಂದರೆ ಒಂದೇ ಇಮೇಜ್‌ನಲ್ಲಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಬಿಲ್ಡ್ ಮಾಡಿ, ಎರಡನ್ನೂ ಡಿಫೋಸ್ಕೋಪ್‌ಗೆ ಕೊಡಿ. ಅದು ಪ್ಯಾಕೇಜನ್ನು ಪದರ ಪದರವಾಗಿ ಬಿಚ್ಚಿ, ಟಾರ್ ಒಳಗಿನ ಪ್ರೋಗ್ರಾಂ, ಅದರೊಳಗಿನ ಸೆಕ್ಷನ್, ಅದರಲ್ಲಿನ ಸ್ಟ್ರಿಂಗ್‌ವರೆಗೆ ಇಳಿದು ವ್ಯತ್ಯಾಸ ತೋರಿಸುತ್ತದೆ. ಸಾಮಾನ್ಯವಾಗಿ ಮೊದಲು ಕಾಣುವುದು ‘14:05:31’ ಮತ್ತು ‘14:06:40’ ಎಂಬ ಎರಡು ಸಾಲು. ‘ಅಬೌಟ್’ ಕಿಟಕಿಯಲ್ಲಿ ಬಿಲ್ಡ್ ಸಮಯ ತೋರಿಸಲು ಯಾರೋ ಡೇಟ್, ಟೈಮ್ ಮ್ಯಾಕ್ರೋ ಬಳಸಿರುತ್ತಾರೆ.

ಇದಕ್ಕೆ ‘ಸೋರ್ಸ್-ಡೇಟ್-ಎಪೋಕ್’ ಎಂಬ ವೇರಿಯಬಲ್ ಇದೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಎಂಬ ಒಂದು ಸಂಖ್ಯೆ ಕೊಡಬೇಕು. 2024ರ ಸೆಪ್ಟೆಂಬರ್ 1ರ ಶುರು ಎಂದರೆ 1725148800. ಈ ಸಂಖ್ಯೆಯನ್ನು ಕೈಯಿಂದ ಬರೆಯದೆ, ಕೊನೆಯ ಕಮಿಟ್‌ನ ಸಮಯವನ್ನು ಗಿಟ್‌ನಿಂದಲೇ ಕೇಳಿ ತುಂಬಿಸಿ. ಜಿಸಿಸಿ 7ರಿಂದ, ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಲ್ಲಿ 16ರಿಂದ ಆ ಮ್ಯಾಕ್ರೋಗಳು ಇದನ್ನು ಗೌರವಿಸುತ್ತವೆ. ಆಲ್ಮಾಲಿನಕ್ಸ್ 8ರ ಜಿಸಿಸಿಗೆ ಸಮಸ್ಯೆಯಿಲ್ಲ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಇದನ್ನು ನಂಬಿಕೊಳ್ಳಬೇಡಿ, ಆ ಮ್ಯಾಕ್ರೋಗಳನ್ನು ಕೋಡ್‌ನಿಂದ ತೆಗೆದು ಕಮಿಟ್ ಹ್ಯಾಶ್ ತೋರಿಸಿ. ಬಳಕೆದಾರರು ದೋಷ ವರದಿ ಮಾಡುವಾಗಲೂ ನಿಮಗೆ ಉಪಯೋಗಕ್ಕೆ ಬರುವುದು ಅದೇ.

ಎರಡನೆಯದು ಹಾದಿ. ಅಸರ್ಟ್ ಸಂದೇಶಗಳಲ್ಲಿ, ಡೀಬಗ್ ಮಾಹಿತಿಯಲ್ಲಿ ನಿಮ್ಮ ಹೋಮ್ ಫೋಲ್ಡರ್‌ನ ಹೆಸರು ಪೂರ್ತಿ ಬಂದಿರುತ್ತದೆ. ಜಿಸಿಸಿ 8, ಕ್ಲ್ಯಾಂಗ್ 10ರಿಂದ ಇರುವ ‘ಫೈಲ್-ಪ್ರಿಫಿಕ್ಸ್-ಮ್ಯಾಪ್’ ಆಯ್ಕೆಯಿಂದ ಸೋರ್ಸ್ ಫೋಲ್ಡರ್‌ನ ಹಾದಿಯನ್ನು ಒಂದು ಚುಕ್ಕೆಗೆ ಬದಲಿಸಿ.

ಮೂರನೆಯದು ಕ್ರಮ, ಹಿಡಿಯಲು ಕಷ್ಟವಾದ ಕಳ್ಳ. ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಕೇಳಿದರೆ ಫೈಲ್ ಸಿಸ್ಟಂ ತನಗೆ ತೋಚಿದ ಕ್ರಮದಲ್ಲಿ ಕೊಡುತ್ತದೆ. ಪೈತಾನ್‌ನ ಲಿಸ್ಟ್‌ಡಿರ್ ವಿಂಗಡಿಸುವುದಿಲ್ಲ. ಗ್ನು ಮೇಕ್‌ನ ವೈಲ್ಡ್‌ಕಾರ್ಡ್ 3.82ರಲ್ಲಿ ವಿಂಗಡಿಸುವುದನ್ನು ಬಿಟ್ಟು 4.3ರಲ್ಲಿ ಮತ್ತೆ ಶುರುಮಾಡಿತು. ಆಬ್ಜೆಕ್ಟ್ ಫೈಲ್‌ಗಳ ಕ್ರಮ ಬದಲಾದರೆ ಪ್ರೋಗ್ರಾಂನೊಳಗಿನ ಪ್ರತಿ ವಿಳಾಸವೂ ಬದಲಾಗುತ್ತದೆ, ಡಿಫೋಸ್ಕೋಪ್ ವರದಿ ಸಾವಿರಾರು ಸಾಲು ಆಗುತ್ತದೆ. ಆ ಸಾಲುಗಳನ್ನೆಲ್ಲ ಓದಲು ಕೂರಬೇಡಿ, ಲಿಂಕರ್‌ಗೆ ಹೋದ ಪಟ್ಟಿಯನ್ನು ನೋಡಿ. ಪೈತಾನ್ ಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್‌ಗಳ ಸೆಟ್ ಮೇಲೆ ಲೂಪ್ ಹಾಕಿ ಕೋಡ್ ಬರೆಸುತ್ತಿದ್ದರೆ ಪ್ರತಿ ಓಟಕ್ಕೂ ಕ್ರಮ ಬೇರೆ. ‘ಪೈತಾನ್-ಹ್ಯಾಶ್-ಸೀಡ್’ಗೆ 0 ಕೊಟ್ಟು ಮುಚ್ಚಬಹುದು, ಆದರೆ ಸಾರ್ಟ್ ಮಾಡುವುದೇ ಸರಿಯಾದ ಪರಿಹಾರ. ಸಾರ್ಟ್ ಕೂಡ ಭಾಷೆಯ ಸೆಟ್ಟಿಂಗ್ ನೋಡಿ ಕ್ರಮ ಬದಲಿಸುವುದರಿಂದ ‘ಎಲ್‌ಸಿ-ಆಲ್’ಗೆ ಸಿ, ‘ಟಿಝಡ್’ಗೆ ಯುಟಿಸಿ, ಯುಮಾಸ್ಕ್‌ಗೆ 022 ಎಂದು ಬಿಲ್ಡ್ ಸ್ಕ್ರಿಪ್ಟ್‌ನ ತಲೆಯಲ್ಲೇ ಬರೆಯಿರಿ.

ಪ್ಯಾಕೇಜಿಂಗ್‌ನಲ್ಲಿ ಟಾರ್‌ಗೆ ನಾಲ್ಕು ಮಾತು ಹೇಳಬೇಕು: ಹೆಸರಿನ ಕ್ರಮದಲ್ಲಿ ಜೋಡಿಸು, ಎಲ್ಲಕ್ಕೂ ಎಪೋಕ್ ಸಮಯವನ್ನೇ ಹಾಕು, ಮಾಲೀಕ ಮತ್ತು ಗುಂಪು 0, ಹೆಸರಿನ ಬದಲು ಸಂಖ್ಯೆ ಬರೆ. ಹೆಸರಿನ ಕ್ರಮದ ಆಯ್ಕೆ ಇರುವುದು ಗ್ನು ಟಾರ್ 1.28ರಿಂದ; ಮ್ಯಾಕ್‌ನ ಟಾರ್ ಬೇರೆಯದು, ಅಲ್ಲಿ ಅದೇ ಆಜ್ಞೆ ನಡೆಯುವುದಿಲ್ಲ. ಜಿಝಿಪ್‌ಗೆ ‘ಎನ್’ ಆಯ್ಕೆ ಕೊಡದಿದ್ದರೆ ಹೆಡರ್‌ನಲ್ಲಿ ಫೈಲ್ ಹೆಸರು, ಸಮಯ ಸೇರುತ್ತವೆ. ಎಕ್ಸ್‌ಝಡ್ ಒಂದು ಥ್ರೆಡ್‌ನಲ್ಲಿ ಓಡಿದಾಗ ಕೊಡುವ ಫೈಲೇ ಬೇರೆ, ಹಲವು ಥ್ರೆಡ್‌ನಲ್ಲಿ ಕೊಡುವುದೇ ಬೇರೆ. ಥ್ರೆಡ್‌ಗಳ ಸಂಖ್ಯೆಯನ್ನು ನಿಗದಿ ಮಾಡಿ. ಝಿಪ್ 1980ಕ್ಕಿಂತ ಹಿಂದಿನ ದಿನಾಂಕ ತಿಳಿಯದು, ಸ್ಥಳೀಯ ಸಮಯವನ್ನು ಎರಡು ಸೆಕೆಂಡ್‌ಗಳ ಲೆಕ್ಕದಲ್ಲಿ ಬರೆಯುತ್ತದೆ. ಎಪೋಕ್ 0 ಕೊಟ್ಟವರಿಗೆ ಇಲ್ಲಿ ಎರರ್ ಬರುತ್ತದೆ.

‘ಮಾರ್ಚ್=ನೇಟಿವ್’ ಎಲ್ಲಾದರೂ ಇದ್ದರೆ ಕಿತ್ತುಹಾಕಿ. ಬಿಲ್ಡ್ ಯಂತ್ರದ ಪ್ರೊಸೆಸರ್‌ಗೆ ತಕ್ಕ ಕೋಡ್ ಹುಟ್ಟಿ, ಬಳಕೆದಾರರ ಹಳೆಯ ಯಂತ್ರದಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬೀಳುತ್ತದೆ.

ಪರೀಕ್ಷೆ ಮತ್ತು ಯಾವುದು ಮೊದಲು

ಒಂದೇ ಯಂತ್ರದಲ್ಲಿ ಎರಡು ಸಲ ಹೊಂದಿದರೆ ಅದು ಶುರು ಮಾತ್ರ. ಎರಡನೆಯ ಬಿಲ್ಡ್‌ಗೆ ಬೇಕೆಂದೇ ಬೇರೆ ಫೋಲ್ಡರ್, ಬೇರೆ ಬಳಕೆದಾರ, ಬೇರೆ ಟೈಮ್‌ಝೋನ್, ಬೇರೆ ಭಾಷೆ, ಬೇರೆ ಕೋರ್ ಸಂಖ್ಯೆ ಕೊಡಿ. ಲಿನಕ್ಸ್‌ನಲ್ಲಿ ರೀಪ್ರೊಟೆಸ್ಟ್ ಈ ಕೆಲಸವನ್ನು ತಾನೇ ಮಾಡುತ್ತದೆ, ಡಿಸ್‌ಆರ್ಡರ್‌ಎಫ್ಎಸ್ ಫೈಲ್‌ಗಳ ಕ್ರಮವನ್ನು ಬೇಕೆಂದೇ ಕಲಕುತ್ತದೆ. ವ್ಯತ್ಯಾಸ ಹುಡುಕುವಾಗ ಒಳಗಿನಿಂದ ಹೊರಗೆ ಬನ್ನಿ: ಆಬ್ಜೆಕ್ಟ್ ಫೈಲ್‌ಗಳು, ಲೈಬ್ರರಿ, ಪ್ರೋಗ್ರಾಂ, ಕೊನೆಗೆ ಪ್ಯಾಕೇಜ್. ಹೊರಗಿನಿಂದ ಶುರುಮಾಡಿದರೆ ಒಂದೇ ಕಾರಣ ಹತ್ತು ಕಡೆ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ.

ಮೂರು ತೊಂದರೆಗಳನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಮೂರೂ ಪ್ಲಾಟ್‌ಫಾರ್ಮ್‌ನಲ್ಲಿ ಸಾಮಗ್ರಿ ಕಟ್ಟಿಹಾಕುವ ಕೆಲಸ ಮುಗಿಸಿ, ಹಳೆಯ ರಿಲೀಸ್ ಮತ್ತೆ ಬಿಲ್ಡ್ ಆಗದ ತೊಂದರೆ ಅಲ್ಲಿಗೇ ತೀರುತ್ತದೆ. ಆಮೇಲೆ ಲಿನಕ್ಸ್‌ನಲ್ಲಿ ಚೆಕ್‌ಸಮ್ ಹೊಂದಿಸಿ, ಉಪಕರಣಗಳೆಲ್ಲ ಅಲ್ಲೇ ಚೆನ್ನಾಗಿರುವುದು. ಅಲ್ಲಿ ಸಿಕ್ಕ ಕ್ರಮದ ದೋಷಗಳನ್ನು ತಿದ್ದಿದರೆ ಉಳಿದೆರಡಕ್ಕೂ ಅದರ ಲಾಭ ತಾನಾಗಿ ಸಿಗುತ್ತದೆ. ವಿಂಡೋಸ್‌ನಲ್ಲಿ ಹತ್ತಾರು ಬೈಟ್ ವ್ಯತ್ಯಾಸ ಕೊನೆಗೂ ಉಳಿದರೆ, ಅದು ಯಾವ ಜಾಗದ್ದು, ಏಕೆ ಎಂದು ಬರೆದಿಟ್ಟು ರಿಲೀಸ್ ಮಾಡಿ, ಅದಕ್ಕಾಗಿ ತಿಂಗಳುಗಟ್ಟಲೆ ನಿಲ್ಲಬೇಡಿ.

ಪ್ರತಿ ರಿಲೀಸ್ ಜೊತೆ ಒಂದು ಪಠ್ಯ ಫೈಲ್ ಇಡಿ: ಕಮಿಟ್ ಹ್ಯಾಶ್, ಎಪೋಕ್ ಸಂಖ್ಯೆ, ಇಮೇಜ್ ಡೈಜೆಸ್ಟ್, ಮೂರೂ ಕಂಪೈಲರ್ ಮತ್ತು ಎಸ್‌ಡಿಕೆಗಳ ಆವೃತ್ತಿ, ಸಹಿಗೆ ಮೊದಲಿನ ಚೆಕ್‌ಸಮ್‌ಗಳು. ಪಕ್ಕದಲ್ಲೇ ‘ಡಾಕರ್ ಸೇವ್’ನಿಂದ ತೆಗೆದ ಇಮೇಜ್ ಫೈಲ್, ವಿಷುಯಲ್ ಸ್ಟುಡಿಯೋ ಲೇಔಟ್ ಫೋಲ್ಡರ್, ಎಕ್ಸ್‌ಕೋಡ್ ಫೈಲ್, ಇಳಿಸಿಕೊಂಡ ಟಾರ್‌ಬಾಲ್‌ಗಳು. ಆರು ತಿಂಗಳಿಗೊಮ್ಮೆ, ಈ ಬಿಲ್ಡನ್ನು ಎಂದೂ ಮುಟ್ಟದ ಸಹೋದ್ಯೋಗಿಯೊಬ್ಬರಿಗೆ ಖಾಲಿ ಯಂತ್ರ ಮತ್ತು ಈ ಫೋಲ್ಡರ್ ಕೊಟ್ಟು, ನೆಟ್‌ವರ್ಕ್ ಇಲ್ಲದೆ ಹಳೆಯ ರಿಲೀಸ್ ಒಂದನ್ನು ಬಿಲ್ಡ್ ಮಾಡಿಸಿ. ಅವರು ಕೇಳುವ ಪ್ರತಿ ಪ್ರಶ್ನೆಯ ಉತ್ತರವನ್ನು ಆ ಪಠ್ಯ ಫೈಲ್‌ಗೆ ಸೇರಿಸಿ.